ಅಮ್ಮನ ಬಲಗಾಲು

ಮಾರ್ಚ್ ೮, ಶನಿವಾರ

ಕಾರು ಇವತ್ತೂ ಕಿರುಚಿತು. ಗೇಟಿನ ಹತ್ತಿರ ಅಮ್ಮ ಬ್ರೇಕ್ ಒತ್ತಿದರೆ ಬೀದಿ ನಾಯಿಗಳೆಲ್ಲ ಎದ್ದು ಕೂರುತ್ತವೆ. ಚಕ್ರದ ಸಂದಿಯಲ್ಲಿ ಇಣುಕಿದೆ — ಬ್ರೇಕ್ ಪ್ಯಾಡ್ ಸವೆದು ರಟ್ಟಿನಷ್ಟು ತೆಳ್ಳಗೆ, ಡಿಸ್ಕಿನ ತುಂಬ ಗೀರು.

ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಗ್ಯಾರೇಜಿಗೆ ಕೊಡಿ ಎಂದ. ಇಲ್ಲವೇ ಮಾರಿಬಿಡಿ, ಅರವತ್ತಾರಕ್ಕೆ ಅಮ್ಮನಿಗೆ ಕಾರು ಯಾಕೆ ಎಂದ. ಅಪ್ಪ ಹೋದ ಮೇಲೆ ಹಟ ಹಿಡಿದು ಕಲಿತ ವಿದ್ಯೆ ಅವಳದು. ಬುಧವಾರಕ್ಕೊಮ್ಮೆ ಗೆಳತಿಯರ ಪಟಾಲಂ ತುಂಬಿಕೊಂಡು ಕೆರೆಯ ಕಡೆ ಹೋಗುತ್ತಾಳೆ. ಆ ದಿನ ಅವಳ ನಡಿಗೆಯೇ ಬೇರೆ.

ನಾನೇ ಹಾಕುತ್ತೇನೆ ಎಂದೆ. ನಕ್ಕ. ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ಅರೆಯುವವಳು ನಾನು, ಕೂದಲೆಳೆ ಲೆಕ್ಕದ ಕೆಲಸ. ನಗಲಿ.

ಮಾರ್ಚ್ ೧೬, ಭಾನುವಾರ, ಮಧ್ಯಾಹ್ನ

ಮುಗಿಯಿತು! ಮೈಯೆಲ್ಲ ನೋವು.

ಬೆಳಿಗ್ಗೆಯೇ ಜಾಕ್ ಏರಿಸಿದ್ದೆ. ಮೊಬೈಲು ಬಕೆಟ್ಟಿನ ಮೇಲೆ, ವಿಡಿಯೊ ಓಡುತ್ತಿತ್ತು. ಹಳೆಯ ಡಿಸ್ಕ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಷ್ಟು ಹೊಡೆದರೂ ಜಪ್ಪಯ್ಯ ಅನ್ನಲಿಲ್ಲ. ಅಮ್ಮ ಬಂದು ನಿಂತು, ಅಣ್ಣನ ನಗು ನೆನೆಸಿಕೊಂಡು ಹೊಡಿ ಎಂದಳು. ಠಣ್ ಎಂದು ಬಿತ್ತು. ಹೊಸ ಡಿಸ್ಕಿನ ಎಣ್ಣೆ ಒರೆಸಿ ಕೂರಿಸಿದೆ. ಹೊಸ ಪ್ಯಾಡ್ ದಪ್ಪ — ಜಾಗವಾಗಲಿ ಎಂದು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಒಳಗೆ ತಳ್ಳಿದೆ. ಬೋಲ್ಟ್ ಬಿಗಿದೆ. ಇನ್ನೊಂದು ಚಕ್ರಕ್ಕೂ ಹೀಗೇ ಮಾಡಿದೆ. ಜಾಕ್ ಇಳಿಸಿದೆ.

ಮಸಿ ಮೆತ್ತಿದ ಮುಖದ ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ — 'ಮೆಕ್ಯಾನಿಕ್ ತಂಗಿ'. ವಿಡಿಯೊ ಇನ್ನೂ ಓಡುತ್ತಲೇ ಇತ್ತು, ನಿಲ್ಲಿಸಿದೆ. ಇನ್ನೇನು, ಕೈ ತೊಳೆದುಕೊಳ್ಳಿ ಅನ್ನುತ್ತಾನೆ ವಿಡಿಯೊದವನು, ಅಷ್ಟೆ.

ಸ್ನಾನಕ್ಕೆ ಹೋಗಬೇಕು.

ಅದೇ ದಿನ, ಸಂಜೆ

ಸ್ನಾನದಲ್ಲಿದ್ದಾಗ ಸದ್ದು ಕೇಳಿಸಿತು.

ಅಮ್ಮ ಹೊಸ ಬ್ರೇಕ್ ನೋಡೋಣವೆಂದು ಕಾರು ತೆಗೆದಿದ್ದಾಳೆ. ನಮ್ಮ ಗೇಟಿನಿಂದ ರಸ್ತೆಗೆ ಇಳಿಜಾರು. ಹಿಂದಕ್ಕೆ ಜಾರಿದ ಕಾರು ನಿಲ್ಲದೆ ರಸ್ತೆ ದಾಟಿ ಎದುರುಮನೆಯ ಗೋಡೆಗೆ ಹೊಡೆದಿದೆ. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ದೀಪ ಪುಡಿ.

ಒದ್ದೆ ತಲೆಯಲ್ಲೇ ಓಡಿದೆ. ಅಮ್ಮ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

"ಬ್ರೇಕ್ ಅಂದ್ಕೊಂಡು ಬೇರೆ ಪೆಡಲ್ ಒತ್ತಿದ್ನೇನೋ ಕಣೇ. ಕಾಲು ತಳಕ್ಕೇ ಹೋಯ್ತು."

ತಳಕ್ಕೇ ಹೋಯ್ತು... ಅಷ್ಟು ಕೇಳಿದ್ದೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ವಿಡಿಯೊದ ಕೊನೆ ನೋಡಿದೆ. ಒಳಗೆ ತಳ್ಳಿದ ಪಿಸ್ಟನ್ ಮತ್ತೆ ಮುಂದೆ ಬಂದು ಪ್ಯಾಡಿಗೆ ತಾಗಬೇಕು. ಅದಕ್ಕೆ ಪೆಡಲನ್ನು ಒತ್ತುತ್ತಲೇ ಇರಬೇಕು, ಗಟ್ಟಿಯಾಗುವ ತನಕ ಕಾರು ಅಲುಗಿಸಬಾರದು.

ನಾನು ಒಂದು ಸಲವೂ ಒತ್ತಿರಲಿಲ್ಲ.

ಅಣ್ಣ ಬಂದ. ಪೆಡಲ್ ಒತ್ತಿ ನೋಡಿದ. ಗಾಬರಿಯಲ್ಲಿ ಅಮ್ಮನೇ ಒತ್ತಿ ಒತ್ತಿ ಅದು ಅಷ್ಟರಲ್ಲಿ ಸರಿಯಾಗಿಬಿಟ್ಟಿತ್ತು. "ಬ್ರೇಕ್ ಕಲ್ಲಿನ ಹಾಗಿದೆ. ಇನ್ನು ಸಾಕಮ್ಮ" ಎಂದ. ಅಮ್ಮ ಕೀ ಕೊಟ್ಟಳು.

ನಾನು ಅಲ್ಲೇ ನಿಂತಿದ್ದೆ, ಬಾಯಿಗೆ ಬೀಗ ಹಾಕಿಕೊಂಡು.

ಮಾರ್ಚ್ ೧೭, ಸೋಮವಾರ

ಯಾಕೆ ಸಪ್ಪಗಿದ್ದೀಯ ಎಂದು ಅಂಗಡಿಯ ಯಜಮಾನರು ಕೇಳಿದರು. ನಾನೇನೂ ಮಾಡಿಲ್ಲ ಸಾರ್ ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಇವತ್ತು ಹೇಳುತ್ತೇನೆ.

ಮಾರ್ಚ್ ೧೯, ಬುಧವಾರ

ಹೇಳಲಿಲ್ಲ. ಗೆಳತಿಯರು ಫೋನ್ ಮಾಡಿದ್ದರು. ಮಂಡಿನೋವು, ನೀವು ಹೋಗಿಬನ್ನಿ ಎಂದಳು ಅಮ್ಮ. ಆಮೇಲೆ ಹಂಚಿಕಡ್ಡಿ ಪೊರಕೆ ತೆಗೆದುಕೊಂಡು ಗುಡಿಸಿದ ಮನೆಯನ್ನೇ ಮತ್ತೆ ಗುಡಿಸಿದಳು.

ಹೇಳಿದರೆ ಅಣ್ಣ ಆ ಫೋಟೊವನ್ನು ಇಡೀ ಬಳಗಕ್ಕೆ ತೋರಿಸುತ್ತಾನೆ. ಇದೂ ಒಂದು ಕಾರಣವೇ? ಹೌದು, ಇದೇ ಕಾರಣ. ಬೇರೆ ಯಾವುದೂ ಇಲ್ಲ. ಥೂ.

ಮಾರ್ಚ್ ೨೬, ಬುಧವಾರ

ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಲಗಾಲು ಒಮ್ಮೆ ಇತ್ತ, ಒಮ್ಮೆ ಅತ್ತ. ಬರಿಯ ನೆಲ ಒತ್ತಿ ನೋಡುತ್ತಿದ್ದಳು. ನನ್ನನ್ನು ಕಂಡು ಜೋಮು ಹಿಡಿದಿತ್ತು ಎಂದಳು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವಳೇ ಕೇಳಿದ್ದು. ಅವರು ಮಂಡಿ ತಟ್ಟಿ, ಪಾದಕ್ಕೆ ಚುಚ್ಚಿ, ಕಾಲಿಗೆ ಏನೂ ಆಗಿಲ್ಲ ಎಂದರು. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು —

"ಕಾಲು ಸರಿಯಿದೆ ಅಂದ್ರೆ, ಹೋಗಿರೋದು ತಲೆನೇ."

ಆಗಲೂ ಹೇಳಲಿಲ್ಲ ನಾನು. ಎಂಥವಳು ನಾನು?

ಮಾರ್ಚ್ ೩೦, ಭಾನುವಾರ, ಹನ್ನೊಂದು ಗಂಟೆ

ಅಣ್ಣ ದೀಪ ಹಾಕಿಸಿ ಗಿರಾಕಿಯನ್ನು ಕರೆತಂದ. ಜೊತೆಗೊಬ್ಬ ಮೆಕ್ಯಾನಿಕ್. ಅವನು ಒಂದು ಸುತ್ತು ಓಡಿಸಿ ಬಂದು, ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಬ್ರೇಕ್ ಕೆಲಸ ನೀಟಾಗಿದೆ, ಯಾರು ಮಾಡಿದ್ದು ಎಂದು ಕೇಳಿದ.

"ನನ್ನ ಮಗಳು. ಮನೆಯಲ್ಲೇ ಮಾಡಿದ್ದು" ಎಂದಳು ಅಮ್ಮ.

ಈ ಎರಡು ವಾರದಲ್ಲಿ ಅವಳು ತಲೆಯೆತ್ತಿ ಆಡಿದ ಮೊದಲ ಮಾತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ಬಂದು ಕಾರು ಒಯ್ಯುತ್ತಾರಂತೆ. ಅಣ್ಣನೂ ಅವರ ಜೊತೆ ಹೋದ. ಕೀ ಮೇಜಿನ ಮೇಲಿದೆ.

ಮೂರು ಗಂಟೆ

ಹೇಳಿದೆ. ವಿಡಿಯೊದ ಕೊನೆಯನ್ನೂ ತೋರಿಸಿದೆ.

"ಅಂದ್ರೆ ನಾನು ಒತ್ತಿದ್ದು ಬ್ರೇಕೇ?"

ಹೌದಮ್ಮ ಎಂದೆ. ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಹೌದೆಂದೆ. ಬಗ್ಗಿ ತನ್ನ ಬಲಗಾಲು ಸವರಿಕೊಂಡಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಇಷ್ಟು ದಿನ ನನ್ನ ಪಕ್ಕದಲ್ಲೇ ಮಲಗಿದ್ಯಲ್ಲೇ" ಎಂದಳು, ಅಷ್ಟೆ.

ಆಮೇಲೆ ಅಣ್ಣನಿಗೆ ಫೋನ್ ಮಾಡಿ ಕಾರು ಕೊಡುವುದಿಲ್ಲ ಎಂದಳು. ಯಾಕಂತೆ? ಮನಸ್ಸು ಬದಲಾಯ್ತಂತೆ. ನನ್ನ ಹೆಸರು ಎತ್ತಲಿಲ್ಲ. ನಿನಗೆ ಅರಳುಮರಳು ಎಂದು ಅವನು ಕೂಗಿದ್ದು ಇಲ್ಲಿಯವರೆಗೂ ಕೇಳಿಸಿತು. ಅಮ್ಮ ಕೇಳಿಸಿಕೊಂಡು, ಫೋನ್ ಇಟ್ಟು, ಕೀ ತೆಗೆದುಕೊಂಡಳು. ನನ್ನನ್ನು ಬಾ ಎಂದು ಕರೆಯಲಿಲ್ಲ. ಹೊರಡುವ ಮುಂಚೆ ಪೆಡಲ್ ಒತ್ತಿ ನೋಡಿದಳು, ಮತ್ತೆ ಮತ್ತೆ ಒತ್ತಿದಳು. ಗೇಟಿನ ಬಳಿ ಕಾರು ಸದ್ದಿಲ್ಲದೆ ನಿಂತು ಬಲಕ್ಕೆ ತಿರುಗಿತು.

ಅವಳು ಬರುವುದರೊಳಗೆ ಅಣ್ಣನಿಗೆ ಹೇಳಬೇಕು. ಫೋನ್ ಸ್ಪೀಕರಿನಲ್ಲಿಟ್ಟಿದ್ದೇನೆ. ಅವನು ಎತ್ತುವ ಮುಂಚೆ ಕಟ್ ಮಾಡಿಬಿಡಬಾರದೆಂದು ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ... ಇನ್ನೂ ಆಗುತ್ತಿದೆ... ಎತ್ತಿದ —