ಹಡಗು ಹತ್ತಲು ಅಪ್ಪನ ಸಹಿ

ಮಾರ್ಚ್ 3, ಸೋಮವಾರ

ನೆನೆಹಾಕಿದ ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ಇದೆ. ಹಿಂಡಲು ಕೈ ಹಾಕಿದ್ದೆ, ಫೋನು ಬಂತು — ಹಡಗು ಕಂಪನಿಯಿಂದ. ಟಿಕೆಟ್ಟಿನಲ್ಲಿರುವ ಮಗು ನಿಮ್ಮದೇ ಎಂದು ಕೇಳಿದಳು ಆ ಕಡೆಯ ಹುಡುಗಿ. ತಮ್ಮನ ಮಗಳು ಎಂದೆ. "ಅಂದ್ರೆ ಬೇರೆಯವರ ಮಗು" ಎಂದು ಟಪಟಪ ಏನೋ ಕುಟ್ಟಿಕೊಂಡಳು.

ಬೇರೆಯವರ ಮಗುವಂತೆ. ಮಹಡಿ ಮೇಲೆ ತಾಯಿ ಮಗಳು, ಕೆಳಗೆ ನಾನು. ಚೂಟಿ ಎಲ್ಲಿ ಉಂಡಳು, ಎಲ್ಲಿ ಮಲಗಿದಳು ಎಂದು ಕೇಳಿದರೆ ನಡುವಿನ ಮೆಟ್ಟಿಲಿಗೂ ಗೊತ್ತಿರಲಿಕ್ಕಿಲ್ಲ. ಹತ್ತು ವರ್ಷ ಹೀಗೇ.

ತಂದೆ ತಾಯಿ ಇಬ್ಬರೂ ಒಪ್ಪಿಗೆ ಪತ್ರ ಕೊಡಬೇಕಂತೆ. ಕೊಡೋಣ. ಕಾಗದ ಬರೆಯುವುದು ನನಗೆ ಹೊಸದೇ? ಶಾಲೆ ಕಂಡದ್ದು ಮೂರೇ ವರ್ಷವಾದರೂ ಇಡೀ ಬಳಗದ ಕಾಗದ ಬರೆಯುವುದು ನಾನೇ — ಮದುವೆ ಮಾತುಕತೆಯಿಂದ ಹಿಡಿದು ಬಾಡಿಗೆಮನೆಯ ತಕರಾರಿನವರೆಗೆ.

ಚೂಟಿಗೆ ಹೇಳಿಲ್ಲ. ಅವಳು ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಿದ್ದಾಳೆ. ಏಪ್ರಿಲ್ 12ಕ್ಕೆ ನಾವು ಹಡಗು ಹತ್ತುವುದು. 14ಕ್ಕೆ ಅದು ಒಂದು ಬಂದರಿನಲ್ಲಿ ಮೂರು ಗಂಟೆ ನಿಲ್ಲುತ್ತದೆ. ಅದೇ ದಿನ ಅಲ್ಲಿ ಅವಳ ಅಪ್ಪನ ಸರಕಿನ ಹಡಗು ಮಾಲು ಇಳಿಸುತ್ತಿರುತ್ತದೆ. ಅವನು ಅದರಲ್ಲಿ ಅಡುಗೆಯವನು. ಮಗಳ ಮುಖ ನೋಡಿ ಹದಿನಾಲ್ಕು ತಿಂಗಳಾಯಿತು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ಮೆಷಿನ್ನು ತುಳಿದದ್ದಕ್ಕೆ ಯಜಮಾನರು ಕೊನೆಯ ದಿನ ಕೈಗಿಟ್ಟ ಟಿಕೆಟ್ಟು ಇದು, ಇಬ್ಬರಿಗೆ. ಚೂಟಿಯ ತಾಯಿಗೆ ಆಸ್ಪತ್ರೆ ವಾರ್ಡಿನಲ್ಲಿ ರಜೆ ಕೊಡುವುದಿಲ್ಲ. ಇನ್ಯಾರನ್ನು ಕರೆದೊಯ್ಯಲಿ.

ಬಟ್ಟೆ ಹಿಂಡಬೇಕು.

ಮಾರ್ಚ್ 6, ಗುರುವಾರ

ಹಡಗು ಕಂಪನಿಯ ಕಚೇರಿ. ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ. ಗಾಜಿನ ಹಿಂದೆ ಫೋನಿನ ಅದೇ ಹುಡುಗಿ — ದೊಡ್ಡ ಕನ್ನಡಕ, ಸಣ್ಣ ದನಿ. ನಾನೇ ಬರೆದ ಒಪ್ಪಿಗೆ ಪತ್ರ ಕೊಟ್ಟೆ, ಎರಡು ಪುಟ. "ಹಡಗು ಕಂಪನಿಯವರಿಗೆ ನಮಸ್ಕಾರಗಳು, ನಾವೆಲ್ಲ ಕ್ಷೇಮ" ಎಂದು ಶುರು. ಓದಿ ತುಟಿ ಬಿಗಿಹಿಡಿದಳು. ನಗುವೋ ಸಿಟ್ಟೋ ತಿಳಿಯಲಿಲ್ಲ.

"ಅಜ್ಜಿ, ಕ್ಷೇಮಸಮಾಚಾರ ಎಲ್ಲ ಬೇಡ. ನಮ್ಮ ಫಾರಂನಲ್ಲೇ ಬರ್ಬೇಕು."

ಫಾರಂ ಇಸಿದುಕೊಂಡು ಬಂದೆ. ತಾಯಿಯ ಪತ್ರ ನೋಟರಿ ಮುಂದೆ ಆಗಬೇಕು. ತಂದೆಯದಕ್ಕೆ ಹಡಗಿನ ಕ್ಯಾಪ್ಟನ್ ಮೊಹರು — ಫೋಟೊ, ಝೆರಾಕ್ಸು ನಡೆಯುವುದಿಲ್ಲ, ಅಸಲೇ ಬೇಕು. ಜನನ ಪತ್ರ. ಮಗುವಿನ ಫೋಟೊ ನಾಲ್ಕು, ಹಿಂದೆ ಬಿಳಿ, ಎರಡೂ ಕಿವಿ ಕಾಣಬೇಕು. ಶಾಲೆಯಿಂದ ಒಂದು ಸರ್ಟಿಫಿಕೇಟು, ಅದರಲ್ಲಿ ದಾಖಲಾತಿ ಪುಸ್ತಕದಲ್ಲಿರುವ ತಂದೆ ತಾಯಿಯ ಸಹಿಯ ನಕಲು. ಮತ್ತೆ, ನಾನು ಅವಳಿಗೆ ಅತ್ತೆ ಎಂಬುದಕ್ಕೆ ರುಜುವಾತು.

ಅದನ್ನೆಲ್ಲಿಂದ ತರಲಿ. ಚೂಟಿ ಮಹಡಿಯಿಂದ "ಅತ್ತೇ" ಎಂದು ಕೂಗುವುದನ್ನು ಬೀದಿಯೆಲ್ಲ ಕೇಳಿದೆ — ಅದು ಸಾಲದಂತೆ.

ಮಾರ್ಚ್ 8, ಶನಿವಾರ

ನೋಟರಿ ಕೂರುವುದು ಝೆರಾಕ್ಸ್ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗೆ. ತಲೆ ಎತ್ತಿದರೆ ಬಡಿಯುತ್ತದೆ, ಅದಕ್ಕೇ ಯಾರ ಮುಖವನ್ನೂ ನೋಡುವುದಿಲ್ಲ. ತಮ್ಮನ ಹೆಂಡತಿ ಡ್ಯೂಟಿ ಮುಗಿಸಿ ಆ ಬಟ್ಟೆಯಲ್ಲೇ ಓಡಿಬಂದಳು. ಸಹಿ, ಹೆಬ್ಬೆಟ್ಟು, ಮೊಹರು. ಸಹಿ ಮಾಡಿದ ಮೇಲೆ ಹೆಬ್ಬೆಟ್ಟು ಯಾಕೆ ಎಂದು ಕೇಳಿದೆ. "ಇರಲಿ" ಎಂದರು.

ಫೋಟೊ ಎರಡು ಸಲ ತೆಗೆಸಬೇಕಾಯಿತು. ಮೊದಲನೆಯದರಲ್ಲಿ ಕಿವಿ ಚೆನ್ನಾಗಿ ಕಂಡಿತ್ತು, ಕಣ್ಣು ಮುಚ್ಚಿತ್ತು.

ಮಾರ್ಚ್ 11, ಮಂಗಳವಾರ

ಐದು ದಿನದ ಮೇಲೆ ತಮ್ಮನ ಫೋನು ಸಿಕ್ಕಿತು. ಹಿಂದೆ ಪಾತ್ರೆಗಳ ಸದ್ದು. ವಿಷಯ ಹೇಳಿದೆ. "ಅಕ್ಕಾ, ನೀನೇ ಹಾಕ್ಬಿಡು ಸೈನು. ಯಾವಾಗ್ಲೂ ಹಾಕೋದೇ ಅಲ್ವಾ" ಎಂದ. ಕ್ಯಾಪ್ಟನ್ ಮೊಹರು ನಾನು ಎಲ್ಲಿಂದ ಹಾಕಲಿ ಎಂದೆ. ಸರಿ, ಮುಂದಿನ ಬಂದರಿನಿಂದ ಕೊರಿಯರ್ ಮಾಡುತ್ತೇನೆ ಎಂದ. ಮಗಳು ಎಷ್ಟು ಎತ್ತರ ಆದಳು ಎಂದು ಕೇಳಿದ. ಹೇಳುವಷ್ಟರಲ್ಲಿ ಲೈನು ಹೋಯಿತು.

ಮಾರ್ಚ್ 24, ಸೋಮವಾರ

ತಲೆ ಸಿಡಿಯುತ್ತಿದೆ. ಬರೆದರೆ ಹಗುರವಾಗುತ್ತದೋ ನೋಡೋಣ.

ಶನಿವಾರ ಕೊರಿಯರ್ ಬಂದಿತ್ತು. ಲಕೋಟೆಗೆ ಹುರಿದ ಈರುಳ್ಳಿಯ ವಾಸನೆ. ಇವತ್ತು ಎಲ್ಲ ಜೋಡಿಸಿಕೊಂಡು — ನಾನು ಅತ್ತೆ ಎಂಬುದಕ್ಕೆ ನಮ್ಮಪ್ಪನ ಕಾಲದ ರೇಷನ್ ಕಾರ್ಡೂ ಸೇರಿ — ಮೂರು ಮಹಡಿ ಹತ್ತಿದೆ. ಕನ್ನಡಕದ ಹುಡುಗಿ ಒಂದೊಂದೇ ನೋಡಿ ಗೆರೆ ಹಾಕುತ್ತಾ ಬಂದಳು. ತಂದೆಯ ಪತ್ರ, ಶಾಲೆಯ ಸರ್ಟಿಫಿಕೇಟು ಎರಡನ್ನೂ ಅಕ್ಕಪಕ್ಕ ಇಟ್ಟಳು. ಗೆರೆ ಹಾಕಲಿಲ್ಲ.

"ಅಜ್ಜಿ, ಎರಡೂ ಒಂದೇ ಕೈಯಲ್ಲ. ಶಾಲೆಯಲ್ಲಿರೋದು ನೋಡಿ, ಎಷ್ಟು ನೀಟಾಗಿದೆ. ಈ ಪತ್ರದ್ದು ಬೇರೆ ಯಾರೋ ಹಾಕಿದಾರೆ."

ಪತ್ರದಲ್ಲಿರುವುದು ತಮ್ಮನದೇ — ಬಾಣಲೆಯಲ್ಲಿ ಸೌಟು ತಿರುಗಿಸಿದ ಹಾಗೆ ಒಂದು ಸುತ್ತು, ಒಂದು ಬಾಲ. ಶಾಲೆಯಲ್ಲಿರುವುದು ನನ್ನದು. ಅಂಚು ಹೊಲಿದಂತೆ ಸಮನಾಗಿ, ನೆಟ್ಟಗೆ. ಚೂಟಿಯನ್ನು ಶಾಲೆಗೆ ಸೇರಿಸುವ ದಿನ ಅವನು ಸಮುದ್ರದಲ್ಲಿದ್ದ. ಪುಸ್ತಕದಲ್ಲಿ ತಂದೆಯ ಸಹಿ ಇಲ್ಲದೆ ಆಗುವುದಿಲ್ಲ ಎಂದರು. ಫೋನು ಮಾಡಿದೆ, ನೀನೇ ಹಾಕು ಎಂದ, ಹಾಕಿದೆ. ಅಲ್ಲಿಂದ ಶುರು.

ಆಮೇಲೆ ಅಂಕಪಟ್ಟಿಗಳು. ಒಂದನೇ ಕ್ಲಾಸಿನಲ್ಲಿ ಎಲ್ಲರದಕ್ಕೂ ಅಪ್ಪನ ಸಹಿ ಇದೆ, ನನ್ನದಕ್ಕಿಲ್ಲ ಎಂದು ಅತ್ತಳು. ಅಪ್ಪನಿಗೆ ಕಳಿಸಿ ತರಿಸುತ್ತೇನೆ ಎಂದೆ. ನಾಲ್ಕು ದಿನ ಬೀರುವಿನಲ್ಲಿ ಬಚ್ಚಿಟ್ಟು, ಸಹಿ ಹಾಕಿ, ಹಡಗಿನಿಂದ ಬಂತು ಎಂದು ಕೊಟ್ಟೆ. ಎಷ್ಟು ಕುಣಿದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಸಹಿಯ ಪಕ್ಕದಲ್ಲಿ ಪೋಷಕರ ಅಭಿಪ್ರಾಯ ಎಂದು ಖಾಲಿ ಜಾಗ ಇತ್ತು — ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರಬೇಕಲ್ಲ. "ಲೆಕ್ಕದ ಕಡೆ ಇನ್ನೂ ಸ್ವಲ್ಪ ಗಮನ ಕೊಡು ಬಂಗಾರ. ಅಪ್ಪ." ಆ ಒಂದು ಮಾತಿಗೆ ಅವಳು ಮುಂದಿನ ಪರೀಕ್ಷೆವರೆಗೆ ದಿನಾ ಲೆಕ್ಕ ಮಾಡಿದಳು. ಐದು ವರ್ಷ ಹೀಗೆ. ಅವಳ ಹತ್ತಿರ ಎಲ್ಲ ಪಟ್ಟಿಗಳೂ ಇವೆ.

ಈಗ ನೋಡಿ, ಅವನು ಹಾಕಿದ ಸಹಿ ಸುಳ್ಳು, ನಾನು ಹಾಕಿದ್ದೇ ನಿಜ.

ಮಾರ್ಚ್ 26, ಬುಧವಾರ

ತಮ್ಮನಿಗೆ ಹೇಳಿದರೆ ನಗುತ್ತಾನೆ. "ನೀನು ಹಾಕೋ ನನ್ನ ಸೈನಿನ ಫೋಟೊ ಕಳ್ಸಕ್ಕ, ಅಭ್ಯಾಸ ಮಾಡಿ ಹಂಗೇ ಹಾಕ್ತೀನಿ" ಎಂದ. ಕಳಿಸಿದೆ. ನಲವತ್ತೆರಡು ವರ್ಷದ ಗಂಡಸು ತನ್ನ ಸಹಿಯನ್ನು ಅಕ್ಕನನ್ನು ನೋಡಿ ಕಲಿಯುತ್ತಿದ್ದಾನೆ. ಸಂಜೆ ನಾಲ್ಕು ಫೋಟೊ ಬಂದವು. ನಾಲ್ಕರಲ್ಲೂ ಸೌಟು.

ತಮ್ಮನ ಹೆಂಡತಿ ಒಂದೊಂದನ್ನೂ ನೋಡಿ, ಮೂರನೆಯದು ಪರವಾಗಿಲ್ಲ ಎಂದಳು. ಅವಳಿಗೆ ಮಗಳು ಹೋದರೆ ಸಾಕಾಗಿದೆ. ನನಗೂ ಅಷ್ಟೇ.

ರಾತ್ರಿ ಮತ್ತೆ ಫೋನು. ಕ್ಯಾಪ್ಟನ್ ಎರಡನೇ ಸಲ ಮೊಹರು ಹಾಕುವುದಿಲ್ಲವಂತೆ. ಹಾಕಿದರೂ ಕಳಿಸುವ ಹಾಗಿಲ್ಲ — ಶನಿವಾರ ಹೊರಟರೆ ಏಪ್ರಿಲ್ 13ರವರೆಗೆ ಅವರಿಗೆ ನೀರೇ ನೀರು. ಅಂದರೆ ಪತ್ರ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಶಾಲೆಯ ಪುಸ್ತಕ.

ಮಾರ್ಚ್ 28, ಶುಕ್ರವಾರ

ಹೆಡ್‌ಮಿಸ್ ಕೋಣೆ. ಅವರ ಮೇಜಿನ ಮೇಲೆ ಗ್ಲೋಬು, ಅದಕ್ಕೆ ಧೂಳು. ಮೂರು ಪುಟದ ತಪ್ಪೊಪ್ಪಿಗೆ ಕಾಗದ ಕೊಟ್ಟೆ. ಮೊದಲ ಪುಟ ಓದಿ, ಉಳಿದದ್ದು ಬಾಯಲ್ಲೇ ಹೇಳಿ ಎಂದರು. ಹೇಳಿದೆ. ಹಣೆ ಉಜ್ಜಿಕೊಂಡರು. ತಂದೆಯ ಪರವಾಗಿ ಅತ್ತೆ ಸಹಿ ಮಾಡಿದ್ದು ಎಂದು ಪುಸ್ತಕದಲ್ಲಿ ಷರಾ ಬರೆದು, ಹೊಸ ಸರ್ಟಿಫಿಕೇಟು ಕೊಡಬಹುದಂತೆ. ಅದಕ್ಕೆ ಕ್ಲಾಸ್ ಟೀಚರ್ ಸಾಕ್ಷಿ ಹಾಕಬೇಕು.

"ಮಗುವಿಗೆ ಗೊತ್ತಾ?" ಎಂದರು. ಇಲ್ಲ ಎಂದೆ.

"ಸೋಮವಾರ ಷರಾ ಬರೀತೀನಿ. ಅಷ್ಟರಲ್ಲಿ ನೀವೇ ಹೇಳ್ಬಿಡಿ. ಸ್ಟಾಫ್ ರೂಮಿಂದ ಮಾತು ಹೊರಗೆ ಬರೋಕೆ ಎಷ್ಟು ಹೊತ್ತು."

ಮೂವತ್ತೊಂದು ವರ್ಷ ಈ ಶಾಲೆಯ ಲಂಗ, ಅಂಗಿ ಹೊಲಿದವಳು ನಾನು. ಈ ಗೇಟು ದಾಟಿ ಹೊರಬರುವಾಗ ಇವತ್ತು ಯಾರ ಕಣ್ಣಿಗೂ ಬೀಳದಿದ್ದರೆ ಸಾಕು ಅನ್ನಿಸಿತು.

ಅದೇ ದಿನ, ಸಂಜೆ ಏಳು

ಹೇಳಿದೆ. ಅವಳು ಬ್ಯಾಗಿಗೆ ಯಾವ ಫ್ರಾಕು ಇಡಬೇಕೆಂದು ಎತ್ತಿ ತೋರಿಸುತ್ತಿದ್ದಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೇಳಿದಳು.

"ಶಾಬಾಷ್ ಅಂತ ಬರೆದಿದ್ದು? ತೊಂಬತ್ತು ಬಂದಾಗ?"

"ನಾನೇ."

"ಅಪ್ಪ ಒಂದೂ ನೋಡಿಲ್ವಾ?"

ಫೋನಿನಲ್ಲಿ ಹೇಳುತ್ತಿದ್ದೆ, ಅವನಿಗೂ ಖುಷಿಯಾಗುತ್ತಿತ್ತು, ಎಂದೆಲ್ಲ ಶುರು ಮಾಡಿದೆ. ಫ್ರಾಕನ್ನು ಮಡಿಸದೆ ಮಂಚದ ಮೇಲೆ ಬಿಟ್ಟು ಮಹಡಿಗೆ ಹೋದಳು. ಓಡಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿದಳು.

ಏಪ್ರಿಲ್ 3, ಗುರುವಾರ

ಆರು ದಿನ. ಕೆಳಗೆ ಬಂದಿಲ್ಲ. ಶಾಲೆಗೆ ಹೋಗುವಾಗ ನನ್ನ ಬಾಗಿಲ ಮುಂದೆ ಬೂಟಿನ ಸದ್ದು ಜೋರಾಗುತ್ತದೆ, ಬೇಕೆಂದೇ.

ಹೊಸ ಸರ್ಟಿಫಿಕೇಟು ಸಿಕ್ಕಿತು. ಅದರಿಂದ ಏನು ಬಂತು, ಹೊರಡಬೇಕಾದವಳೇ ಮುಖ ತೋರಿಸುತ್ತಿಲ್ಲ. ಹೋಗುತ್ತೀಯೋ ಇಲ್ಲವೋ ಎಂದು ತಾಯಿ ಕೇಳಿದರೆ ಗೋಡೆ ನೋಡುತ್ತಾಳಂತೆ. ತಮ್ಮನ ಹೆಂಡತಿ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಬಾಗಿಲ ಕೆಳಗಿನಿಂದ ಒಂದು ಚೀಟಿ ತೂರಿಬಂತು. "ಅತ್ತೆಗೆ. ನಾನು ಹಡಗಿಗೆ ಬರುತ್ತೇನೆ. ಅಪ್ಪನನ್ನು ನೋಡಲು ಮಾತ್ರ. ನಿನ್ನ ಜೊತೆ ಮಾತಾಡುವುದಿಲ್ಲ." ಕೆಳಗೆ ಅವಳ ಸಹಿ, ಎರಡು ಗೆರೆ ಎಳೆದು.

ಕ್ಷೇಮಸಮಾಚಾರ ಇಲ್ಲ.

ಏಪ್ರಿಲ್ 4, ಶುಕ್ರವಾರ

ಮತ್ತೆ ಮೂರು ಮಹಡಿ. ಕನ್ನಡಕದ ಹುಡುಗಿ ಷರಾ ಓದಿದಳು, ನನ್ನನ್ನು ನೋಡಿದಳು, ಮತ್ತೆ ಓದಿದಳು. "ಅಂದ್ರೆ ಆ ನೀಟಾಗಿರೋದು…" ಎಂದು ಅರ್ಧಕ್ಕೇ ಬಿಟ್ಟಳು. ದೇವರು ಒಳ್ಳೆಯದು ಮಾಡಲಿ. ಗೆರೆ ಹಾಕಿದಳು. ಕೊನೆಗೆ ತಾಯಿಯ ಪತ್ರ ಕೈಗೆತ್ತಿಕೊಂಡು ತಾರೀಖು ನೋಡಿದಳು.

ನೋಟರಿ ಪತ್ರಕ್ಕೆ ಮೂವತ್ತೇ ದಿನ ಆಯುಸ್ಸಂತೆ. ಮಾರ್ಚ್ 8ರದ್ದು ಏಪ್ರಿಲ್ 7ಕ್ಕೆ ಸಾಯುತ್ತದೆ. ಹಡಗು 12ಕ್ಕೆ.

ಇಷ್ಟು ದಿನ ಹೇಳಲಿಲ್ಲವೇಕೆ ಎಂದೆ. ಫಾರಂ ಹಿಂದೆ ಅಚ್ಚಾಗಿದೆ ಎಂದಳು. ಇದೆ. ಇರುವೆ ಗಾತ್ರದ ಅಕ್ಷರ. ಬಂದ ಸಿಟ್ಟಿಗೆ ಇಳಿಯುವಾಗ ಒಂದು ಮಹಡಿ ಹೆಚ್ಚೇ ಇಳಿದು, ಕಟ್ಟಡದ ನೆಲಮಾಳಿಗೆಯಲ್ಲಿ ಸ್ಕೂಟರುಗಳ ನಡುವೆ ನಿಂತಿದ್ದೆ.

ಏಪ್ರಿಲ್ 7, ಸೋಮವಾರ

ಮೆಟ್ಟಿಲ ಕೆಳಗಿನ ನೋಟರಿ. ತಮ್ಮನ ಹೆಂಡತಿ ಊಟದ ಬಿಡುವಿನಲ್ಲಿ ಬಂದಳು, ಊಟ ಬಿಟ್ಟು. ಸಹಿ, ಹೆಬ್ಬೆಟ್ಟು, ಮೊಹರು. ಈ ಸಲ ಯಾಕೆ ಎಂದು ಕೇಳಲಿಲ್ಲ. ನಾಲ್ಕು ಗಂಟೆಗೆ ಕಂಪನಿಯಲ್ಲಿ ಕೊಟ್ಟೆ. ತೆಗೆದುಕೊಂಡರು. ರಸೀತಿಯನ್ನು ಎರಡು ಸಲ ಓದಿದೆ, ಹಿಂದೆಮುಂದೆ ಎರಡೂ ಕಡೆ.

ಏಪ್ರಿಲ್ 12, ಶನಿವಾರ. ಹಡಗಿನಲ್ಲಿ

ಹತ್ತಿಸಿಕೊಂಡರು. ಮೂರು ಟೇಬಲ್ಲು, ಮೂರು ಕಡೆಯೂ "ಮಗು ನಿಮ್ಮದಾ?" ಮೂರನೆಯ ಕಡೆ ನಾನು ಬಾಯಿ ತೆರೆಯುವ ಮೊದಲೇ ಚೂಟಿ ಹೇಳಿದಳು, "ಅತ್ತೆ." ನನ್ನ ಕಡೆ ನೋಡದೆ. ಹದಿನೈದು ದಿನದಲ್ಲಿ ನನ್ನ ಬಗ್ಗೆ ಆಡಿದ ಮೊದಲ ಮಾತು, ಅದೂ ಅಧಿಕಾರಿಯ ಹತ್ತಿರ.

ಕೋಣೆ ನಮ್ಮ ಅಡುಗೆಮನೆಯಷ್ಟಿದೆ. ಒಂದರ ಮೇಲೊಂದು ಮಂಚ. "ಮೇಲಿನದು ನಂದು" ಎಂದಳು. ಇದು ನನಗೇ ಹೇಳಿದ್ದು. ಲೆಕ್ಕಕ್ಕೆ ಹಿಡಿದಿದ್ದೇನೆ.

ಏಪ್ರಿಲ್ 14, ಸೋಮವಾರ. ಬೆಳಗ್ಗೆ 10.40

ಬಂದರಿನ ಗೇಟಿನ ಪಕ್ಕದ ಬೆಂಚು. ಒಳಗೆ ನಾವು, ಹೊರಗೆ ತಮ್ಮ. ನಡುವೆ ಕಬ್ಬಿಣದ ಸರಳು, ಒಂದು ಮೇಜು, ಒಬ್ಬ ಗಾರ್ಡು. ಸಣಕಲಾಗಿದ್ದಾನೆ. ಬಿಳಿ ಅಂಗಿ ಇಸ್ತ್ರಿ ಮಾಡಿಕೊಂಡು ಬಂದಿದ್ದಾನೆ, ಕಾಲರಿನ ಒಂದು ಕಡೆ ಬಿಟ್ಟುಹೋಗಿದೆ. ಮೂರು ಗಂಟೆಯಲ್ಲಿ ನಲವತ್ತು ನಿಮಿಷ ಆಗಲೇ ಹೋಯಿತು.

ಇನ್ನೊಂದು ಫಾರಂ. ಮಗುವನ್ನು ಹೊರಗೆ ಬಿಡಬೇಕಾದರೆ ಕರೆದುಕೊಂಡು ಹೋಗುವವರ ಸಹಿ ಬೇಕಂತೆ. ಇದನ್ನು ಯಾರೂ ಹೇಳಿರಲಿಲ್ಲ, ಇರುವೆ ಅಕ್ಷರದಲ್ಲಿ ಕೂಡ. ಸಿಟ್ಟಿನಲ್ಲಿ ಸರಸರ ತುಂಬಿಸುತ್ತಾ ಬಂದೆ. ಹಡಗಿನ ನಂಬರು, ಕೋಣೆ ನಂಬರು, ಮಗುವಿನ ವಯಸ್ಸು. ತಂದೆಯ ಸಹಿ ಎಂಬ ಜಾಗ ಬಂತು — ನನ್ನ ಕೈ ಅಲ್ಲಿಯೂ ಹೋಯಿತು. ಅರ್ಧ ಹಾಕಿಯೇ ಬಿಟ್ಟೆ. ನೆಟ್ಟಗೆ, ನೀಟಾಗಿ. ತಂದೆ ಸರಳಿನಾಚೆ ನಿಂತು ನೋಡುತ್ತಿದ್ದಾನೆ.

ಗಾರ್ಡು ಕಾಗದ ನೋಡಿದ, ನನ್ನನ್ನು ನೋಡಿದ, ಹರಿದ. ಹೊಸ ಫಾರಂ ತರಲು ಆಫೀಸಿಗೆ ಹೋಗಿದ್ದಾನೆ. ನಡೆಯುವ ರೀತಿ ನೋಡಿದರೆ ಆಫೀಸು ಮುಂದಿನ ಊರಿನಲ್ಲಿರಬೇಕು. ಚೂಟಿ ಸರಳಿಗೆ ಹಣೆ ಒತ್ತಿ ನಿಂತಿದ್ದಾಳೆ. ಅವಳ ಅಪ್ಪ ಆಚೆಯಿಂದ ಅವಳ ಬೆರಳು ಹಿಡಿದುಕೊಂಡಿದ್ದಾನೆ. ನಾನು ಆ ಕಡೆ ನೋಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಗಾರ್ಡು ಬಂದ. ಫಾರಂ ತಂದಿದ್ದಾನೆ, ಬರೆಯಲು ಏನೂ ತಂದಿಲ್ಲ. ಸರಳಿನಾಚೆ ತಮ್ಮನೂ ಜೇಬು ತಡಕುತ್ತಿದ್ದಾನೆ. ಚೂಟಿ ನನ್ನ ಮುಂದೆ ಬಂದು ಕೈ ಚಾಚಿದ್ದಾಳೆ.

"ಪೆನ್ನು ಕೊಡು ಅತ್ತೆ. ಅಪ್ಪ ಹಾಕೋದನ್ನ ನಾನು ನೋಡ್ಬೇಕು."

ಒಂದು ನಿಮಿಷ, ಈ ಸಾಲು ಮುಗಿಸಿ ಕೊಡುತ್ತೇನೆ ಎಂದೆ. ಮುಗಿಸಲು ಬಿಡುತ್ತಿಲ್ಲ, ತುದಿ ಹಿಡಿದು ಎಳೆಯು