ಅವ್ವಾ, ನಿನಗೆ ಕೇಳಿಸಿದ್ದು ಸೋಡಚೀಟಿಯೇ?

ಅವ್ವಾ,

ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆದರೆ ನೀನು ನಂಬುವವಳಲ್ಲ. ಆಲಮೇಲಕ್ಕೆ ನನ್ನ ಪತ್ರ ಬಂದಾಗಲೆಲ್ಲ ಮೊದಲು ಕಿರಾಣಿ ಅಂಗಡಿಯವರಿಂದ ಓದಿಸುತ್ತಿದ್ದೆ, ಆಮೇಲೆ ಮಠದ ಅಯ್ಯನವರಿಂದ. ಇಬ್ಬರ ಓದೂ ತಾಳೆಯಾದರೆ ಮಾತ್ರ ಅದು ನಿನ್ನ ಮಗಳ ಪತ್ರ. ನಾನು ನಗುತ್ತಿದ್ದೆ. "ಓದಾವ್ರು ನಡುವ ಏನ್ ನುಂಗ್ತಾರೋ ಯಾರಿಗ್ಗೊತ್ತು?" ಅನ್ನುತ್ತಿದ್ದೆ ನೀನು. ಈಗ ಅಲ್ಲಿ ಯಾರಿಂದ ಓದಿಸುತ್ತೀಯೋ... ಇಬ್ಬರಾದರೂ ಸಿಗಲಿ. ಯಾಕೆಂದರೆ ಈ ಪತ್ರದಲ್ಲಿ ನಿನಗೊಂದು ಪ್ರಶ್ನೆ ಇದೆ.

ರಾಜ್ಯಕ್ಕೆ ಕರ್ನಾಟಕವೆಂಬ ಹೊಸ ಹೆಸರು ಬಂದ ವರ್ಷವೇ ಸಿಂದಗಿಯ ನಮ್ಮ ಮನೆ ಎದ್ದದ್ದು ನೆನಪಿದೆಯಲ್ಲ? ನಿನ್ನ ಅಳಿಯನ ಬಟ್ಟೆ ಅಂಗಡಿಯನ್ನು ನಂಬಿ ಸಾಲ ಕೊಡಲು ಸೊಸೈಟಿಯವರು ಒಪ್ಪಲಿಲ್ಲ. ನಾನು ಸಾಲಿಯಲ್ಲಿ ಕಲಿಸುವವಳು, ನನ್ನ ಪಗಾರ ಕಾಯಂ ಎಂದು ತಿಳಿದ ಮೇಲೆ ಒಪ್ಪಿದರು. ಅದಕ್ಕೇ ಸಾಲವೂ ಇಬ್ಬರ ಹೆಸರಿಗೆ, ಮನೆ ಯಾರದೆಂದು ಹೇಳುವ ಉತಾರದಲ್ಲೂ ಇಬ್ಬರ ಹೆಸರು. ಕಂತು ಮಾತ್ರ ನನ್ನೊಬ್ಬಳ ಪಗಾರದಿಂದ ಕಡಿತ. ವಾಸ್ತುಶಾಂತಿಯ ದಿನ ನೀನು ಹೋಳಿಗೆಯ ಎಲೆ ಬಿಟ್ಟು ಎದ್ದು ಬಂದೆ. "ಉತಾರದಾಗ ನಿನ್ನ ಹೆಸರು ಎಲ್ಲೈತಿ? ಬಟ್ಟಿಟ್ಟು ತೋರ್ಸು," ಅಂದೆ. ಬೆರಳಿಟ್ಟು ತೋರಿಸಿದೆ. ಅಕ್ಷರ ಬಾರದ ನೀನು ಅದರ ಮೇಲೆ ನಿನ್ನ ಬಟ್ಟನ್ನೂ ಇಟ್ಟು ಒತ್ತಿ ನೋಡಿದೆ, ಆಮೇಲೆಯೇ ಊಟಕ್ಕೆ ಕೂತೆ.

ಒಂದು ಸಂಜೆ ಅಂಗಡಿಯಿಂದ ಬಂದ ನಿನ್ನ ಅಳಿಯ ಚಹಾ ಕುಡಿಯುತ್ತ, "ನಿನ್ನ ತಲಿಮ್ಯಾಲಿನ ಸಾಲದ ಭಾರ ಇಳಸ್ತೇನಿ. ನಿನ್ನ ಹೆಸರು ತಗಿಸಿಬಿಡೂಣು. ಎಷ್ಟಂತ ದುಡೀತಿ?" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿ ಬಹಳ ದಿನವಾಗಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಹಿಂದಿನ ವಾರವಷ್ಟೇ ಅವರ ಅಣ್ಣ ಚಡಚಣದಿಂದ ಬಂದು, ತನ್ನ ಅಡತಿ ವ್ಯಾಪಾರಕ್ಕೆ ಜಾಮೀನು ನಿಲ್ಲಲು ತಮ್ಮೊಬ್ಬರದೇ ಹೆಸರಲ್ಲಿ ಮನೆಯಿದ್ದವರು ಬೇಕೆಂದು ಹೇಳಿ ಹೋಗಿದ್ದರು. ನಾನು ಅದನ್ನೂ ಇದನ್ನೂ ಜೋಡಿಸಿ ನೋಡಲಿಲ್ಲ. ಭಾರ ಇಳಿಯುತ್ತದೆ, ಇಂಥ ದಿನ ನೋಂದಣಿ ಕಚೇರಿಯಲ್ಲಿ ಹಕ್ಕಸೋಡ ಮಾಡಿಸುತ್ತಾರಂತೆ ಎಂದು ಹಿಗ್ಗಿನಿಂದ ನಿನಗೆ ಪತ್ರ ಹಾಕಿದೆ. ಹಕ್ಕಸೋಡ ಎಂದರೆ ಸಾಲದಿಂದ ಹೆಸರು ಬಿಡಿಸುವುದಕ್ಕೆ ಕಚೇರಿಯವರ ಮಾತು ಎಂದುಕೊಂಡಿದ್ದೆ. ಆ ಪತ್ರವನ್ನೂ ಇಬ್ಬರಿಂದ ಓದಿಸಿದ್ದೆಯಾ?

ನೋಂದಣಿ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ, ಕಚೇರಿಯ ಕಾಗದಪತ್ರ ಬರೆದುಕೊಡುವವರ ಪೆಟ್ಟಿಗೆಯ ಎದುರು ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ಆಲಮೇಲದ ಬಸ್ಸಿನ ಧೂಳಿನ ಸಮೇತ ನೀನು ಬಂದೆ. ಬಂದವಳೇ ನೆಲಕ್ಕೆ ಕೂತು ಬಾಯಿ ಬಡಿದುಕೊಂಡೆ. "ಯಪ್ಪಾ, ನೋಡ್ರೋ! ನನ್ನ ಮಗಳಿಗೆ ಸೋಡಚೀಟಿ ಕೊಡಾಕತ್ತಾರ! ಬಾಳೇವು ಮಾಡೋ ಹೆಣ್ಣನ್ನ ಬಿಡಾಕತ್ತಾರ!" ಸುತ್ತ ಮಂದಿ ಕೂಡಿತು. ನಿನ್ನ ಅಳಿಯನ ಮುಖ ನೋಡಬೇಕಿತ್ತು.

"ಅತ್ತೀ, ಸೋಡಚೀಟಿ ಅಲ್ರಿ, ಹಕ್ಕಸೋಡ!"

"ಎರಡರಾಗೂ ಸೋಡ ಐತಲ್ರಿ ಅಳಿಯಾರ. ಓದಸ್ರಿ. ಎಲ್ಲಾರ ಮುಂದ ಓದಸ್ರಿ."

ಹಕ್ಕಸೋಡದ ಕಾಗದ ಬರೆದವರು ಗಲಾಟೆ ಮುಗಿದರೆ ಸಾಕೆಂದು ಗಟ್ಟಿಯಾಗಿ ಓದಿದರು. ಸದರಿ ಮನೆಯಲ್ಲಿಯ ನನ್ನ ಸಂಪೂರ್ಣ ಹಕ್ಕನ್ನು ರಾಜಿಖುಷಿಯಿಂದ ಬಿಟ್ಟುಕೊಟ್ಟಿರುತ್ತೇನೆ... ನೀನು ಅಳು ನಿಲ್ಲಿಸಿ ಕೇಳಿದೆ, "ಮತ್ತ ಸಾಲ?"

"ಸಾಲದ ಮಾತು ಇದರಾಗ ಇಲ್ಲಬೇ. ಅದು ಸೊಸೈಟ್ಯಾಗ ಇಬ್ಬರ ಹೆಸರಿಗೆ ಹಂಗ ಇರತೈತಿ."

ಮನೆ ಹೋಗುತ್ತದೆ, ಸಾಲ ಉಳಿಯುತ್ತದೆ! ಮಕ್ಕಳಿಗೆ ಓದಲು ಕಲಿಸುವ ನಾನು ಆ ಕಾಗದ ಓದಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಎದ್ದುಬಿಟ್ಟೆ.

ಸಾಲದ ಹೆಸರನ್ನು ಆಮೇಲೆ ತೆಗೆಸುವವನಿದ್ದೆ ಎಂದು ನಿನ್ನ ಅಳಿಯ ಆಣೆ ಮಾಡಿದರು. ಮರೆತರೋ, ಮರೆಮಾಚಿದರೋ? ಇಂದಿಗೂ ನನಗೆ ಗೊತ್ತಿಲ್ಲ. ಕೆಟ್ಟವರೆಂದು ಹೇಳಲು ಬಾಯಿ ಬರುವುದಿಲ್ಲ; ನನಗೆ ಜ್ವರ ಬಂದರೆ ಅಂಗಡಿ ಮುಚ್ಚಿ ಬಂದು ಗಂಜಿ ಕಾಯಿಸುವವರು. ಆದರೆ ಅವತ್ತಿನಿಂದ ಅವರು ಮಲ್ಲಿಗೆ ತಂದರೂ, ಇವತ್ತೇಕೆ ತಂದರು ಎಂದು ಯೋಚಿಸುತ್ತೇನೆ. ನಿನ್ನ ಮೇಲೂ ಸಿಟ್ಟಿತ್ತು. ಓಣಿಯಲ್ಲಿ ನನಗೆ ಸೋಡಚೀಟಿ ಅಕ್ಕೋರು ಎಂದು ಹೆಸರು ಬಿದ್ದಿತ್ತು. "ಒಂದು ಮಾತು ನೆಟ್ಟಗ ಕೇಳಿಸಿಕೊಳ್ಳಾಕ ಬರಂಗಿಲ್ಲೇನಬೇ?" ಎಂದು ರೇಗಿದರೆ ನೀನು ಅಡಿಕೆ ಕತ್ತರಿಸುತ್ತ, "ಕಿವಿ ಮಂದ ಆಗ್ಯಾವವಾ," ಅಂದೆ. ಪಕ್ಕದ ಮನೆಯ ಬಣವೆಯಲ್ಲಿ ಕೋಳಿ ಕೆದರಿದರೂ ಕೇಳಿಸಿಕೊಳ್ಳುತ್ತಿದ್ದ ಕಿವಿ ಅದು!

ನೀನು ಹೋಗಿ ಇನ್ನೂ ವರ್ಷ ತುಂಬಿಲ್ಲ. ಹೋದ ತಿಂಗಳು ಇಂಗಳೇಶ್ವರಕ್ಕೆ, ನಿನ್ನ ತಮ್ಮನ ಮನೆಗೆ ಹೋಗಿದ್ದೆ. ಮಾವನನ್ನು ನಗಿಸೋಣವೆಂದು ನಿನ್ನ ಸೋಡಚೀಟಿಯ ಕಥೆ ಹೇಳಿದೆ. ಅವನು ನಗಲಿಲ್ಲ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅಕ್ಕಗ ಆ ಮಾತು ತಿಳೀಲಿಲ್ಲಂತ ಅಂದ್ಯಾ? ಅಪ್ಪ ಸತ್ತ ಮ್ಯಾಲೆ ಬಾಗೇವಾಡಿ ಕಚೇರ್ಯಾಗ ನಮಗ ಹೊಲದ ಹಕ್ಕಸೋಡ ಬರಕೊಟ್ಟಾಕಿ ಅಕಿ. ಹಂಗಂದ್ರೇನೋ ತಮ್ಮಾ ಅಂತ ಬಸ್ಸಿನ ತುಂಬ ಕೇಳಿದ್ಲು. ಏನಿಲ್ಲಬೇ ಅಕ್ಕ, ಸುಮ್ನ ಕಾಗದ ಅಂತ ಹೇಳಿ, ಸೀರಿ ಉಡಿಸಿ, ಹೆಬ್ಬಟ್ಟು ಒತ್ತಿಸಿದ್ವಿ." ಅಷ್ಟು ಹೇಳಿ ರೊಟ್ಟಿಯ ತಾಟನ್ನು ಅತ್ತ ಸರಿಸಿದ. ಒಂದೇ ಪತ್ರವನ್ನು ಇಬ್ಬರಿಂದ ಓದಿಸುವ ಚಾಳಿ ನಿನಗೆ ಎಲ್ಲಿ ಹತ್ತಿತೆಂದು ನನಗೆ ಆಗ ತಿಳಿಯಿತು. ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟು ಅತ್ತೆ.

ಹಾಗಾದರೆ ಹೇಳು ಅವ್ವಾ, ನನ್ನ ಆ ಪತ್ರ ಓದಿಸಿದಾಗ ನಿನಗೆ ನಿಜವಾಗಿ ಕೇಳಿಸಿದ್ದು ಏನು? ಅಳಿಯನನ್ನು ಎದುರಿಗೇ ಕಳ್ಳ ಎಂದರೆ ನನ್ನ ಬಾಳೇವು ಕೆಡುತ್ತದೆ, ಕಿವುಡಿಯಾದರೆ ಕಾಗದ ಓದಿಸಬಹುದು ಎಂದು ಬಸ್ಸಿನಲ್ಲೇ...

ಇರಲಿ, ನಿನಗೆ ತಿಳಿಯದ ಸುದ್ದಿ ಹೇಳುತ್ತೇನೆ. ಮೊನ್ನೆ ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಾಗ ನಿನ್ನ ಅಳಿಯ ಪಕ್ಕಕ್ಕೆ ಬಂದು ಕೂತರು. ಹಿಂದಿನ ದಿನ ಮತ್ತೆ ಚಡಚಣದ ಅಣ್ಣ ಬಂದು ಹೋಗಿದ್ದರು. "ಈ ಸಲ ಸಾಲದಾಗಿಂದೂ ನಿನ್ನ ಹೆಸರು ತಗಿಸ್ತೇನಿ, ಆತಿಲ್ಲೋ? ಹಕ್ಕಸೋಡಕ್ಕ ಒಂದ ಸಹಿ ಮಾಡು," ಎಂದರು. ದನಿ ಮತ್ತೆ ಅಷ್ಟೇ ಮೆತ್ತಗಿತ್ತು. ನಾನು ಮೊರ ಕೆಳಗಿಟ್ಟು, ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಏನಂದ್ರಿ? ಸೋಡಚೀಟಿ?"

ಎದುರು ಮನೆಯ ಬಾಗಿಲು ತೆರೆಯಿತು. ಅವರು ನನ್ನನ್ನೇ ನೋಡುತ್ತ ಕೂತರು. "ನಿನಗೂ ನಿಮ್ಮವ್ವನ ಕಿವಿ ಬಂದಾವೇನು?"

"ಹೌದ್ರಿ," ಎಂದೆ, "ಮಂದ ಆಗ್ಯಾವ."

ಉತಾರದಲ್ಲಿ ನನ್ನ ಹೆಸರು ಇನ್ನೂ ಅಲ್ಲೇ ಇದೆ ಅವ್ವಾ, ನೀನು ಬಟ್ಟಿಟ್ಟ ಜಾಗದಲ್ಲೇ.