ಕತ್ತರಿಸಿ ಹಾಕಿದ ನಗು

ಅಕ್ಕಾ,
ಇಲ್ಲಿ ಚಳಿ ಜಾಸ್ತಿ, ಆದರೆ ನನ್ನ ಕೆಮ್ಮು ನಿಂತಿದೆ. ತಲೆ ಎತ್ತಿ ಓಡಾಡುವ ಮುಖ ಮಾತ್ರ ಉಳಿದಿಲ್ಲ.

ನಮ್ಮ ಫೋಟೋಗ್ರಫಿ ಶಾಲೆಯ ಮೆಟ್ಟಿಲು ಒರೆಸುವ ಮೂವರು ಹೆಂಗಸರು ಮೊನ್ನೆ ಬಿದ್ದು ಬಿದ್ದು ನಗುತ್ತಿದ್ದರು. ಒಂದು ಮಾತೂ ಕೇಳದೆ ಸಾಲಾಗಿ ಫೋಟೋ ಹೊಡೆದೆ. ನಗು ಮುಗಿದು ಹಿರಿಯಾಕೆ ಉಸಿರೆಳೆದುಕೊಂಡ ಗಳಿಗೆಯನ್ನೇ ಆರಿಸಿಕೊಂಡೆ. ಕಂಪ್ಯೂಟರಿನಲ್ಲಿ ಪಕ್ಕದ ಇಬ್ಬರನ್ನು ಕತ್ತರಿಸಿ, ಬಣ್ಣ ತೆಗೆದು, ಮುಖದ ಸುಕ್ಕುಗಳನ್ನು ಇನ್ನಷ್ಟು ಕಪ್ಪಾಗಿಸಿ, ಕೆಳಗೆ ‘ಶೋಷಿತೆ’ ಎಂದು ಬರೆದೆ. ಮೇಷ್ಟ್ರು ಬೆನ್ನು ತಟ್ಟಿ ಗೋಡೆಗೆ ಹಾಕಿಸಿದರು.

ಇವತ್ತು ಆಕೆ ಬಕೆಟ್ ಹಿಡಿದು ಅದರ ಮುಂದೆ ನಿಂತಿದ್ದರು. “ಇದ್ಯಾರಮ್ಮ, ತೀರಿಹೋದೋರಾ?” ಅಂದರು.

“ನೀವೇ” ಅಂದೆ.

“ಅಯ್ಯೋ! ಅವತ್ತು ನನ್ನ ಪಕ್ಕದಲ್ಲಿದ್ದೋಳ ಗಂಡನ ಗೊರಕೆ ಕತೆ ಕೇಳಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೆ. ಅವರಿಬ್ಬರನ್ನೂ ಎಲ್ಲಿ ಮಾಯ ಮಾಡಿದೆ?”

ಧರಣಿಯಲ್ಲಿ ದಿನವಿಡೀ ಘೋಷಣೆ ಕೂಗಿದ ಅಮ್ಮ ಸುಸ್ತಾಗಿ ಕೂತ ಗಳಿಗೆಯ ಫೋಟೋ ಮಾತ್ರ ತೆಗೆದು ‘ಅಬಲೆಯ ಕಣ್ಣೀರು’ ಎಂದು ಅಚ್ಚು ಹಾಕಿದ ಪತ್ರಿಕೆಯ ಕಚೇರಿಗೆ ನಾವು ನುಗ್ಗಿದ್ದು ನೆನಪಿದೆಯಾ? ಅವತ್ತು ಎಲ್ಲರಿಗಿಂತ ಜೋರಾಗಿ ಧಿಕ್ಕಾರ ಕೂಗಿದ್ದು ನಾನು. ಅದೇ ಕಳ್ಳತನ ಇಲ್ಲಿ ಮಾಡಿ ಚಪ್ಪಾಳೆ ಗಿಟ್ಟಿಸಿದೆ. ಥೂ!

ಫೋಟೋ ಇಳಿಸಿದೆ. ಇಳಿಸಿದರೆ ಅಂಕ ಇಲ್ಲ ಎಂದರು ಮೇಷ್ಟ್ರು. ಬೇಡ ಎಂದೆ. ನಾಳೆ ಮೂವರನ್ನೂ ಒಟ್ಟಿಗೆ ತೆಗೆಯಬೇಕು. “ಈ ಸಲ ಯಾರನ್ನಾದ್ರೂ ಕತ್ತರಿಸಿದ್ರೆ ಒರೆಸೋ ಬಟ್ಟೇಲೇ ಬಾರಿಸ್ತೀನಿ” ಎಂದಿದ್ದಾರೆ ಹಿರಿಯಾಕೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಇದನ್ನು ಅಮ್ಮನಿಗೆ ಓದಿ ಹೇಳು. ನನ್ನ ಮುಖ ಉಳಿಸೋಕೆ ಅಂತ ನೀನು ಏನನ್ನೂ ಕತ್ತರಿಸಬೇಡ.

ನಿನ್ನ ತಂಗಿ